ಮೊಣಕಾಲಿನ ಎತ್ತರದಿಂದ

ಶುಕ್ರವಾರ ಊರಿನವರಿಗೆ ಟಿಕೆಟ್ ಇಲ್ಲ.
ಗುರುತಿನ ಚೀಟಿ ತೋರಿಸಿದರೆ ಸಾಕು.
ಇದೇ ಬಾಗಿಲೆದುರು ಹನ್ನೊಂದು ವರ್ಷ
ಮೊಬೈಲ್ ಕವರ್ ಮಾರಿದ್ದೇನೆ,
ಹೊಸ್ತಿಲು ದಾಟಿರಲಿಲ್ಲ.
ಇವತ್ತು ಅಜ್ಜಿಯೇ ಎಬ್ಬಿಸಿದಳು.
ಹಬ್ಬದ ಜೆಲ್ಲಾಬಾ ತೊಟ್ಟು, ಹಳದಿ ಚಪ್ಪಲಿ ಮೆಟ್ಟಿ,
"ನಡಿ, ನನ್ನ ನೆಲ ನೋಡಿಕೊಂಡು ಬರೋಣ" ಎಂದಳು,
ಹೊಲಕ್ಕೆ ಹೊರಟವಳ ಹಾಗೆ.

ಫೆಸ್‌ನ ಓಣಿಗಳು ಗೊತ್ತಲ್ಲ,
ಹೇಸರಗತ್ತೆ ಎದುರಾದರೆ ಗೋಡೆಯಾಗಿ ನಿಲ್ಲಬೇಕು.
ತೊಗಲಿನ ವಾಸನೆ, ಪುದೀನದ ವಾಸನೆ,
ಮಸೀದಿಗೆ ಧಾವಿಸುವವರ ಮೊಣಕೈ.
ಎಪ್ಪತ್ತೊಂಬತ್ತರ ಯಾಮ್ನಾ
ಬಿಲ್ಲಿನಂತೆ ಬಾಗಿದ ಬೆನ್ನು ಹೊತ್ತು
ನನಗಿಂತ ಮುಂದೆ.

ಮೂರು ಸಲ ಹೊರಳುವ ಕತ್ತಲ ಮೊಗಸಾಲೆ,
ಬೀದಿಯ ಕಣ್ಣು ಒಳಗೆ ಬೀಳದಂತೆ ಕಟ್ಟಿದ್ದು.
ಆಮೇಲೆ ಅಂಗಳ.
ಬಾವಿಗೆ ಜಾರಿದ ಕೊಡದ ಹಾಗೆ
ಬೆಳಕು, ದಡ್ಡನೆ.

ಎಲ್ಲರೂ ತಲೆ ಎತ್ತಿದ್ದಾರೆ.
ಕಮಾನಿನ ಒಳಮೈಗೆ ಗಾರೆಯ ಜೇನುಹುಟ್ಟು,
ಅದರ ಮೇಲೆ ದೇವದಾರಿನ ಚಾವಣಿ, ಕೆಂಪು, ಹೊನ್ನು.
ಗೈಡ್ ಬುಶ್ತಾ ಮೂರು ಭಾಷೆಯಲ್ಲಿ ಹೇಳುತ್ತಾನೆ:
"ನಲವತ್ತು ಕೆಲಸಗಾರರು, ಹನ್ನೆರಡು ವರ್ಷ."
ಬಾಯಿಗಳೆಲ್ಲ ಒಟ್ಟಿಗೆ ತೆರೆಯುತ್ತವೆ.
ಅಜ್ಜಿ ಒಬ್ಬಳೇ ನೆಲ ನೋಡುತ್ತ
ಏನೋ ಎಣಿಸುತ್ತಿದ್ದಾಳೆ.

"ಕಾರಂಜಿಯಿಂದ ಬಚ್ಚಲ ಬಾಗಿಲಿಗೆ
ಇನ್ನೂರ ಆರು ನಕ್ಷತ್ರ.
ನನಗೆ ಲೆಕ್ಕ ಕಲಿಸಿದ್ದು ಶಾಲೆಯಲ್ಲ, ಈ ಹಾಸು.
ಎಂಟು ವರ್ಷದವಳು, ಮಂಡಿಯೂರಿ ತಿಕ್ಕುತ್ತಿದ್ದೆ.
ಚಾವಣಿಯೋ? ಯಾರು ಕಂಡರು!
ತಲೆ ಎತ್ತಿದರೆ ರ್ಕಿಯಾ ಕಿವಿ ಹಿಂಡುತ್ತಿದ್ದಳು.
ತಾಮ್ರದ ಬಕೆಟ್ಟಿನ ನೀರಲ್ಲಿ
ಒಂದೊಂದು ಸಲ ಚೂರು ಕಾಣುತ್ತಿತ್ತು,
ಬಟ್ಟೆ ಅದ್ದುವಷ್ಟರಲ್ಲಿ ಒಡೆಯುತ್ತಿತ್ತು."

ಈಗ ಹುಡುಕುತ್ತಿರುವುದು ಒಂದು ಹೆಂಚು.
ಅದೇ ಬಕೆಟ್ಟು ಕೈಜಾರಿ ಬಿದ್ದು
ನಕ್ಷತ್ರದ ಒಂದು ಮೂಲೆ ಸೀಳಿತ್ತಂತೆ.
ಹೆಂಚು ಕೊರೆಯುವ ಮುದುಕ ಹಮ್ಮಾದಿ
ಯಜಮಾನನ ಕಿವಿಗೆ ಬೀಳುವ ಮೊದಲೇ
ರಾತ್ರಿ ದೀಪ ಹಿಡಿದು ಬೇರೆ ಕೂರಿಸಿದನಂತೆ.
ಬಣ್ಣ ಮಾತ್ರ ಕೂಡಿಬರಲಿಲ್ಲ:
ಆಲಿವ್ ಎಲೆಗಳ ನಡುವೆ
ಒಂದೇ ಒಂದು ಪುದೀನದ ಎಲೆ.
ಯಾರಾದರೂ ಕಂಡಾರೆಂದು
ಅದರ ಮೇಲೆಯೇ ಬಕೆಟ್ಟು ಇಟ್ಟುಕೊಂಡು
ನಾಲ್ಕು ವರ್ಷ ನೆಲ ತೊಳೆದಳು.

ಚಪ್ಪಲಿ ಬಿಟ್ಟಳು. ಹೆಬ್ಬೆರಳಿಂದ ತಡವಿದಳು.
ಕ್ಯಾಮೆರಾದವಳೊಬ್ಬಳು ಮೆಲ್ಲಗೆ ಕೈ ಸನ್ನೆ ಮಾಡಿದಳು,
ಚಿತ್ರಕ್ಕೆ ಅಡ್ಡ, ಸ್ವಲ್ಪ ಸರಿಯಿರಿ.
ಸರಿದಳು. ಮತ್ತೆ ಬಂದಳು.
ಕೊನೆಗೆ ಬುಶ್ತಾನೇ ಹೇಳಿದ:
"ಈ ಕಡೆಯದನ್ನೆಲ್ಲ ಹೋದ ವರ್ಷ ಕಿತ್ತು
ಹೊಸದಾಗಿ ಹಾಸಿದ್ದಾರೆ, ಅಮ್ಮ,
ಒಂದೇ ಅಚ್ಚು, ಒಂದೇ ಹಸಿರು."
ಅವನಿಗೆ ಹೆಮ್ಮೆ.
ಅಜ್ಜಿ ಅವನನ್ನೇ ನೋಡಿದಳು,
"ನನ್ನ ತಪ್ಪನ್ನೂ ಕಿತ್ತು ಬಿಸಾಕಿದರೇನು?"

ಅವನು ನಕ್ಕ. ನನಗೆ ನಗು ಬರಲಿಲ್ಲ.

ಕಾರಂಜಿಯ ಕಟ್ಟೆಯ ಮೇಲೆ ಕೂರಿಸಿದೆ.
ಚಾವಣಿ ನೋಡು ಎಂದೆ, ಈಗ ರ್ಕಿಯಾ ಇಲ್ಲ.
ಕತ್ತು ಎತ್ತಲು ಹೋದಳು, ಬೆನ್ನು ಬಿಡಲಿಲ್ಲ,
ಎಪ್ಪತ್ತು ವರ್ಷದ ಕೆಲಸ ಅಲ್ಲಿ ಗೂಟ ಹೊಡೆದು ನಿಂತಿದೆ.
ಏನೂ ತೋಚದೆ ಮೊಬೈಲ್ ಆರಿಸಿ
ಅಂಗಾತ ಅವಳ ತೊಡೆಯ ಮೇಲಿಟ್ಟೆ.
ಕಪ್ಪು ಗಾಜಿನಲ್ಲಿ ಮೆಲ್ಲಗೆ
ದೇವದಾರು ಬಂತು, ಹೊನ್ನು ಬಂತು,
ಒಂದು ಗುಬ್ಬಿ ಹಾದುಹೋಯಿತು.
ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ.

"ಎಷ್ಟು ಧೂಳು" ಎಂದಳು ಆಮೇಲೆ,
ತೋಳಿನ ಅಂಚಿನಿಂದ ಗಾಜನ್ನು
ಸುತ್ತಿ ಸುತ್ತಿ ಒರೆಸಿದಳು,
ಮೂಲೆಯಿಂದ ನಡುವಿಗೆ,
ಕಲಿತ ಕೈ.

ಹೊರಗೆ ಬಂದು ಎರಡು ಸ್ಫೆಂಜ್ ತಿಂದಳು,
ಎಣ್ಣೆ ಹಳೆಯದೆಂದು ಜಗಳ ತೆಗೆದು
ಮೂರನೆಯದನ್ನು ಪುಕ್ಕಟೆ ಪಡೆದಳು.