ಕೋಲು ಎತ್ತಿಡುವವನು

ಕೋಲು ಬೀಳುವುದು ಬೇಲಿಯ ಬಳಿಯಲ್ಲ,
ಹತ್ತು ಹೆಜ್ಜೆ ಹಿಂದೆ, ತಿರುವಿನಲ್ಲಿ.
ಇಷ್ಟು ತಿಳಿಯಲು ನನಗೆ ಬೇಕಾಯಿತು
ಎರಡು ಚಳಿಗಾಲ, ಒಂದು ಬೆನ್ನುನೋವು.

ಎಲ್ಬೆ ನದಿಯ ಏರಿಯ ಕೆಳಗೆ
ಫ್ರಾವ್ ಲೂರ್ಸ್ ಅವರ ಮರಳಿನ ಅಂಗಳ.
ಮೂವತ್ತೊಂದು ವರ್ಷ ಈ ದಡದಿಂದ ಆ ದಡಕ್ಕೆ
ಜನ, ಲಾರಿ, ಹಂದಿ ದಾಟಿಸಿದ ನಾನು
ಈಗ ಕುದುರೆ ಕೆಡವಿದ್ದನ್ನು ಎತ್ತಿಡುತ್ತೇನೆ.
ಸಂಬಳ: ಕಾಫಿ, ಬೆಣ್ಣೆ ಸವರಿದ ಬನ್ನು,
ಮತ್ತೆ ‘ಹಿನ್ನೆರ್ಕ್, ಮೂರನೆಯದು!’ ಎಂಬ ಕೂಗು.

ಕುದುರೆಯ ಹೆಸರು ಕ್ವಿಟ್ಟೆ.
ಹಸಿಯಾಗಿ ಕಚ್ಚಿದರೆ ನಾಲಿಗೆ ಒಗರಾಗಿ
ಬೇಯಿಸಿದರೆ ಮಾತ್ರ ಒಲಿಯುವ
ಇಲ್ಲಿಯ ಒಂದು ಹಣ್ಣಿನ ಹೆಸರು ಅದು.
ಬಲಕ್ಕೆ ತಿರುಗು ಎಂದರೆ ಹರಿಯುವ ನೀರು.
ಎಡಕ್ಕೆ ಎಂದರೆ
ಒಂದೇ ಮಗ್ಗುಲಿಗೆ ಹುಲ್ಲು ಹೇರಿದ ಗಾಡಿ.
ಒಳಹೆಗಲ ಮೇಲೆ ಮೈಯೆಲ್ಲ ಸುರಿದು
ಮೂಲೆಯನ್ನು ಕದ್ದು ಬರುತ್ತದೆ.
ಬಂದು ಮುಟ್ಟಿದಾಗ ಬೇಲಿ ಎದುರಿಗಿಲ್ಲ, ಓರೆಗಿದೆ;
ಹಿಂಗಾಲು ಇನ್ನೂ ತಿರುವಿನಲ್ಲೇ ಇದೆ.
ಟಕ್.
ನಾನು ಏಳುತ್ತೇನೆ.

ಮೇಲೆ ಕೂತವಳು ತೊಮ್ಮಾ, ಬೇಕರಿಯವರ ಮಗಳು.
ನಸುಕು ಮೂರಕ್ಕೆ ಹಿಟ್ಟು ನಾದಿ ಬಂದ ಕೈ.
ಆ ಕೈಗೆ ಎಳೆಯುವುದು ಗೊತ್ತು.
ಕುದುರೆ ವಾಲಿದಷ್ಟೂ ಒಳಲಗಾಮು ಜಗ್ಗುತ್ತಾಳೆ,
ಕತ್ತು ಕುಡುಗೋಲಾಗುತ್ತದೆ,
ಮೈ ಮಾತ್ರ ತನ್ನ ಹಟದ ದಾರಿಯಲ್ಲೇ.
‘ಕತ್ತು ತಿರುಗಿದರೆ ಕುದುರೆ ತಿರುಗಿತೇ?
ಮದುವೆಯಾದವರನ್ನು ಕೇಳು’
ಎನ್ನುತ್ತಾರೆ ಫ್ರಾವ್ ಲೂರ್ಸ್, ನನ್ನ ಕಡೆ ನೋಡದೆ.

ಅವರ ಎಡಸೊಂಟದಲ್ಲಿ ಲೋಹದ ಕೀಲು,
ಊರುಗೋಲು ಬಲಗೈಯಲ್ಲಿ.
ತೊಮ್ಮಾ ಅದನ್ನು ದಿನಾ ನೋಡುತ್ತಿದ್ದಳು, ನಾನೂ.
‘ನೋವು ಎಡಕ್ಕೆ, ಕೋಲು ಬಲಕ್ಕೆ, ಯಾಕೆ ಹೇಳು?
ಬೀಳುವ ಕಡೆಯಿಂದ ಎಳೆದು
ಯಾರನ್ನೂ ನಿಲ್ಲಿಸಲಾಗದು, ಮಗಳೇ.
ಹೊರಲಗಾಮು ಹಿಡಿ, ಅದು ಒರಗುವ ಗೋಡೆಯಾಗಲಿ.
ಒಳಗಾಲು ಪಕ್ಕೆಗೆ, ಒದೆಯಬೇಡ,
ಮಲಗಿದ ಮನೆಯ ಕದ ತಟ್ಟುವಷ್ಟು.
ಕಣ್ಣು ಮೊದಲೇ ಹೋಗಲಿ. ಕುದುರೆ ಆಮೇಲೆ ಬರುತ್ತದೆ.’

ಆ ವಾರ ಬೇಲಿಗಳನ್ನೆಲ್ಲ ಕಳಚಿಸಿದರು.
ನೆಲದ ಮೇಲೆ ಬೀಸಣಿಗೆಯ ಹಾಗೆ
ನಾಲ್ಕು ಕೋಲು ಬಿಡಿಸಿಟ್ಟೆ.
ಒಳತುದಿ ಬಿಗಿ, ಹೊರತುದಿ ಸಡಿಲ.
ಅದರ ಮೇಲೆ ಸಣ್ಣ ಓಟ,
ಆಮೇಲೆ ಚೌಕ: ಪ್ರತಿ ಮೂಲೆಗೂ ನಿಲ್ಲು,
ಕಿವಿ ತಿರುಗುವ ತನಕ ಕಾಯಿ, ಹೊರಡು.
ಮತ್ತೆ.
ಮತ್ತೆ.
ಏರಿಯ ಮೇಲೆ ಕೂತ ಕಡಲಹಕ್ಕಿಗಳೂ
ಬೇಸರವಾಗಿ ಎದ್ದುಹೋದವು.

ನನಗೆ ಇದು ಗೊತ್ತಿದ್ದ ವಿಷಯವೇ.
ಇಳಿತದ ಸೆಳವಿನಲ್ಲಿ ಕಟ್ಟೆಯ ಬುಡಕ್ಕೆ ಬಂದು
ಚುಕ್ಕಾಣಿ ತಿರುಗಿಸಿದವನು ಕಟ್ಟೆಗೆ ಗುದ್ದುತ್ತಾನೆ.
ನಾನೂ ಒಮ್ಮೆ ಗುದ್ದಿದ್ದೇನೆ, ಎಂಬತ್ತೊಂಬತ್ತರಲ್ಲಿ.
ಹೇಳಲಿಲ್ಲ.
ಕೋಲು ಎತ್ತಿಡುವವನನ್ನು ಯಾರೂ ಕೇಳಿರಲಿಲ್ಲ.

ಫೆಬ್ರವರಿಯ ಒಂದು ಗುರುವಾರ.
ಬೇಲಿಗಳು ಮತ್ತೆ ಎದ್ದಿದ್ದವು, ನನ್ನ ಸೊಂಟದೆತ್ತರ.
ಎಡತಿರುವು.
ಮೂಲೆಗೆ ಇನ್ನೂ ಮೊದಲೇ
ತೊಮ್ಮಾಳ ನೋಟ ಬೇಲಿ ದಾಟಿ
ಅದರ ಹಿಂದೆ ಬಕೆಟ್ಟಿನ ಮೇಲೆ ಕೂತಿದ್ದ ನನ್ನ ಮೇಲೆ ಬಿತ್ತು.
ಯಾರೂ ನನ್ನನ್ನು ಹಾಗೆ ನೋಡಿ ಎಷ್ಟು ಕಾಲವಾಗಿತ್ತು!
ಕೈ ಎಳೆಯಲಿಲ್ಲ.
ಕ್ವಿಟ್ಟೆಯ ಒಳಹೆಗಲು ಮೆಲ್ಲಗೆ ಎದ್ದಿತು,
ಹಿಂಗಾಲು ಹೊಟ್ಟೆಯ ಕೆಳಗೆ ಬಂತು,
ಗೊರಸಿನ ಸದ್ದು ಗಡಿಬಿಡಿ ಬಿಟ್ಟು ದುಂಡಗಾಯಿತು:
ಮೂರು ಬಡಿತ, ಒಂದು ಮೌನ,
ಮೂರು ಬಡಿತ, ಒಂದು ಮೌನ,
ಆ ಮೌನ ಹಿಗ್ಗಿ
ಹಿಗ್ಗಿ
ಬೇಲಿಯ ಮೇಲೆ ಹಾದುಹೋಯಿತು.

ಟಕ್ ಎನ್ನಲಿಲ್ಲ.
ನಾನು ಅಭ್ಯಾಸಬಲದಿಂದ ಆಗಲೇ ಅರ್ಧ ಎದ್ದಿದ್ದೆ.
ಏಳಲೂ ಆಗದೆ ಕೂರಲೂ ಆಗದೆ
ಬಕೆಟ್ಟಿನ ಮೇಲೆ ನಡುವೆಯೇ ನಿಂತೆ.

ಮುಂದಿನ ಬೇಲಿ ಬಿತ್ತು, ಅದು ಬೇರೆ ಮಾತು.
ಈಗ ಬಲತಿರುವು ಸ್ವಲ್ಪ ಕೆಟ್ಟಿದೆಯಂತೆ.
ಸೋಮವಾರದಿಂದ ಅದು.