ಸಮುದ್ರದ ಬಾಬ್ತು

ಜಾಂಬೋಟಿ ದಾಟಿದ ಮ್ಯಾಲೆ ಫೋನಿನ ಗೆರಿ
ಒಂದೊಂದ ಆರಿದವು.
ಕಣಕುಂಬಿ ಆಚೀಕ ಜೀಪು ನನ್ನ ಇಳಿಸಿ
ನಾಳೆ ಬರತೀನಂತ ಹೋತು.
ಹಲಗಿ ಮ್ಯಾಲೆ: ಸೀ ವ್ಯೂ ಲಾಡ್ಜ್.
ಕೆಳಗ, ಬ್ಯಾರೆ ಕೈಬರಹದಾಗ: ಹವಾ ತಿಳಿ ಇದ್ದರ.

ನಾನು ಬಾಗಲಕೋಟಿ ಆಡಿಟ್ ಆಫೀಸಿನಾಕಿ.
ಗಾದಿ ಎಣಿಸಾಕ ಬಂದಾಕಿ, ಹಕ್ಕಿ ನೋಡಾಕಲ್ಲ.

ಚಾ ಕುಡಿಯೂದ್ರಾಗ ಕಾಲಚೀಲಕ್ಕ ಇಂಬಳ.
ಪುಂಡಲೀಕ ಗಾವಡೆ,
ಅಡಿಗಿಯವನೂ ಅವನ, ಕಾವಲಿನವನೂ ಅವನ,
ಚಿಟಿಕಿ ಉಪ್ಪು ಉದುರಿಸಿ ಬಿಡಿಸಿದ.
"ಹೆದರಬ್ಯಾಡ್ರಿ ಬಾಯಿ,
ಬೇಕಾದಷ್ಟು ಕುಡದು ತಾನ ಬಿಡತೈತಿ.
ಬಾಕಿ ಇಟಗೊಳ್ಳಂಗಿಲ್ಲ."

ಕಂಬಳಿ ಹದಿನಾಕು.
ಒಂದರಾಗ ಇಲಿ ಹಡದೈತಿ, ಅದನ್ನ ಮುಟ್ಟಲಿಲ್ಲ.
ಬ್ಯಾಟ್ರಿ ಮೂರು. ಛತ್ರಿ ಆರು,
ಕಡ್ಡಿ ನೆಟ್ಟಗಿದ್ದವು ಎರಡು.
ದುರ್ಬೀನು ಒಂದು, ಅದರ ಎಡಗಣ್ಣಿನಾಗ
ಬೂಷ್ಟು ಬೇರು ಬಿಟ್ಟಿತ್ತು.
ಅದರಾಗಿಂದ ನೋಡಿದರ
ಎಲ್ಲಾ ಗಿಡದ ಮ್ಯಾಲೂ ಇನ್ನೊಂದು ಗಿಡ.

ಹನ್ನೊಂದಕ್ಕ ಮಂಗಟ್ಟಿ ಹಾರಿತು ತಲಿ ಮ್ಯಾಲೆ.
ಕಾಣಲಿಲ್ಲ. ರೆಕ್ಕಿ ಸಪ್ಪಳ ಕೇಳಿ
ಗುಳೇದಗುಡ್ಡದ ಮಾಮಾನ ಕುಣಿಮಗ್ಗ ನೆನಪಾಗಿ
ಲೆಕ್ಕ ತಪ್ಪಿ
ಚಮಚಾ ಮತ್ತ ಒಂದರಿಂದ ಎಣಿಸಿದೆ.

ತಕರಾರು ಪುಸ್ತಕದಾಗ ವಿಜಯಪುರದ ಮಾಸ್ತರರೊಬ್ಬರು:
"ಸಮುದ್ರ ಇಲ್ಲ. ರೊಕ್ಕ ವಾಪಸ್ ಕೊಡ್ರಿ.
ಉಪ್ಪಿಟ್ಟು ಚಲೋ ಇತ್ತು."

ಖರ್ಚಿನ ವಹಿಯೊಳಗ ಒಂದು ಗಂಟು.
ಬಿಜಾಗರಿ, ವರ್ಷಾ ನಲವತ್ತು ಜೋಡಿ.
"ಏನಿದು ಪುಂಡಲೀಕ?
ಇಡೀ ಲಾಡ್ಜಿಗೆ ಬಾಗಲಾ ಹನ್ನೊಂದು."
ಅವ ಕದದಿಂದ ಒಂದು ಕಿತ್ತು
ಚಾದಾಗ ಎದ್ದಿದ ಬಿಸ್ಕೀಟಿನಂಗ
ಅಂಗೈಯಾಗ ಮುರದು ತೋರಿಸಿದ.
"ಸಮುದ್ರ ತಿಂದೈತ್ರಿ."
"ಎಲ್ಲೈತಿ ಸಮುದ್ರ?"
ಪಡುವಲಕ್ಕ ಗದ್ದ ಎತ್ತಿದ. ಅಲ್ಲಿ ಬರೇ ಮೋಡ.
"ಕಾಣಂಗಿಲ್ಲ. ತಿಂತೈತಿ."

ನಗಬೇಕಂದೆ. ಬರಲಿಲ್ಲ.
ಅಣೆಕಟ್ಟಿನ ನೀರು ಬರೂ ಮುಂಚೆ, ನಾ ಏಳು ವರ್ಷದಾಕಿ,
ನಮ್ಮ ಓಣಿಗೂ ಒಬ್ಬ ಲೆಕ್ಕದವ ಬಂದಿದ್ದ.
ಬಾಗಲಾ ನಾಕು, ಜಂತಿ ಹದಿನೆಂಟು,
ಹಿತ್ತಲದಾಗ ಬೇವು ಒಂದು ಅಂತ ಬರಕೊಂಡ.
ಅವ್ವ ಕೇಳಿದ್ಲು:
ಬಾವ್ಯಾಗೊಂದು ಆಮಿ ಐತ್ರಿ ಸಾಹೇಬ್ರ,
ನಮ್ಮತ್ತಿ ಬಿಟ್ಟದ್ದು,
ಅದನ್ನ ಯಾ ಬಾಬ್ತಿಗೆ ಹಾಕ್ತೀರಿ?
ಅವ ಪೆನ್ನಿನ ಟೊಪ್ಪಿಗಿ ಮುಚ್ಚಿದ.
ಮುಂದ ಆ ಬಾವಿ ಮ್ಯಾಲೆ ಎಷ್ಟು ಮಾರು ನೀರು ನಿಂತಿತೋ,
ಆಮಿಗೆ ಹಿಗ್ಗಾತೋ ಏನೋ,
ಯಾರೂ ಕೇಳಲಿಲ್ಲ.

ಸಂಜೀಕ ಬಂಡಿಗಲ್ಲು ಹತ್ತಿದಿವಿ.
ಅವ ಮುಂದ, ಕುಡಗೋಲು ಬೀಸಿಕೋತ.
ನಾನು ಹಿಂದ, ಕಿಸೆದಾಗ ಉಪ್ಪು ಇಟಗೊಂಡು.
ಕಡ್ಡಿ ಕೊರದು ಆರೂವಷ್ಟು ಹೊತ್ತು
ಮೋಡ ಸರಿದು
ಕೆಳಗ, ಭಾಳ ದೂರ,
ತಾಟಿನ ಅಂಚಿನಂಗ ಏನೋ ಹೊಳೀತು.
ಹೊಳಿ ಇರಬಹುದು. ಇನ್ನೊಂದು ಮೋಡ ಇರಬಹುದು.
ಪುಂಡಲೀಕ ಆ ಕಡೆ ನೋಡಲೇ ಇಲ್ಲ,
ನನ್ನ ಮಾರಿ ನೋಡಕೋತ ನಿಂತಿದ್ದ.
"ಕಂಡ್ತೇನ್ರಿ?"
"ಏನೋ ಕಂಡ್ತು."
"ಹಾಂ. ಅದ."

ರಾತ್ರಿ ಮಳಿ.
ಮಾಡಿನ ಈ ಇಳಿಜಾರಿನ ನೀರು ಮಲಪ್ರಭಾಕ್ಕ ಬಿದ್ದು
ಬಾದಾಮಿ ಹಾದು ನಮ್ಮ ಸೀಮಿಗೆ ಹೋಗತೈತಂತ,
ಆ ಇಳಿಜಾರಿನದು ಮಹಾದಾಯಿ ಹಿಡದು ಸಮುದ್ರಕ್ಕ.
ನನ್ನ ಮಂಚ ನಟ್ಟನಡುವ.
ಎರಡೂ ಕಡೆ ಕಿವಿ ಕೊಟ್ಟೆ.
ಸಪ್ಪಳ ಒಂದ ಇತ್ತು.

ಕಂದೀಲು ಎತ್ತರಿಸಿ, ಯಾರೂ ನೋಡವಲ್ಲರಂತ ತಿಳದು,
ಮುರಕ ಬಿಜಾಗರಿ ನಾಲಿಗಿಗೆ ಹಚ್ಚಿದೆ.
ಉಪ್ಪಿರಲಿಲ್ಲ.
ಕಬ್ಬಿಣ ಇತ್ತು, ಮುಂಜಾನೆ
ಇಂಬಳ ಕಚ್ಚಿದ ಬಟ್ಟು ಬಾಯಾಗಿಟ್ಟಾಗಿನ ರುಚಿ.

ಆದರೂ ನಲವತ್ತು ಜೋಡಿ ಮಂಜೂರು ಮಾಡಿ
ಕಾರಣದ ಖಾನೇದಾಗ ಒಂದು ಮಾತು ಬರದೆ.
ಮ್ಯಾಲಿನ ಸಾಹೇಬರು ಕೆಂಪು ಗೆರಿ ಎಳೀತಾರ, ಗೊತ್ತೈತಿ.

ಮುಂಜಾನೆ ಜೀಪಿನ ಹಾರ್ನು.
ಕದಾ ಹಾಕಾಕ ಹೋದೆ.
ಒಂದ ಬಿಜಾಗರಿ ಮ್ಯಾಲೆ ಜೋತು
ಅದು ಪಡುವಲಕ್ಕ ತೆರಕೊಂಡ ನಿಂತಿತು.
"ಇರಲಿ ಬಿಡ್ರಿ" ಅಂದ ಪುಂಡಲೀಕ.