ಕರಿಕಿ

ಒಂದು ಗೆಣ್ಣು ಉಳದ್ರ ಹೊಲಾ ಹೋತು, ಅಂತಿದ್ದ ನಮ್ಮಪ್ಪ.

ಕರಿಕಿ ಕಡಿಯೂದು ನಮ್ಮ ಮನಿ ಕೆಲಸ.
ಅಣ್ಣಿಗೇರಿ ಕಡೆ ಎರಿ ಹೊಲ,
ಬ್ಯಾಸಗ್ಯಾಗ ಅಂಗೈ ಅಗಲ ಬಿರುಕು.
ಅದರಾಗ ಹಾರಿ ಇಳಿಸಿ, ಮೊಣಕಾಲಮಟ ಅಗದು,
ಹೆಂಟಿ ಒಡದು, ಬೇರು ಜಾಡಿಸಿ
ಬದುವಿಗೆ ಒಗಿಯೂದು.
ಬದುವಿನಾಗೂ ಬಿಡಂಗಿಲ್ಲ, ಸುಡಬೇಕು.
ಮಾರಿಗೆ ಇಷ್ಟು ಅಂತ ಕೂಲಿ.
ಗೌಡ್ರು ಕೋಲು ತಂದು ಅಳೀತಿದ್ರು
ನಾವು ಬಗ್ಗಿದ ಜಾಗಾ.
ಅಪ್ಪನ ಉಗುರಿನಾಗಿನ ಮಣ್ಣು
ಅವಗ ಮಣ್ಣು ಕೊಡೂ ದಿನಾನೂ ಹೋಗಿರಲಿಲ್ಲ.

ನಾ ಈಗ ಹುಬ್ಬಳ್ಳಿಯಾಗ
ರೇಲ್ವೆ ಬಂಗ್ಲೆದಾಗ ಹುಲ್ಲು ಬೆಳಸ್ತೇನಿ.
ದನಕ್ಕಲ್ಲ. ನೋಡಾಕ.

ಹ್ವಾದ ವರ್ಷ ಶಿಮ್ಲಾ ಕಡೆಯಿಂದ ಒಬ್ಬ ಸಾಹೇಬ ಬಂದಿದ್ದ.
ದಾವಲ ಅನ್ನಾಕ ಅವನ ನಾಲಿಗಿ ಹೊರಳತಿರಲಿಲ್ಲ,
ದೌಲತ್ ಅಂತ ಕರೀತಿದ್ದ.
ಗುತ್ತೇದಾರ ಮೂರು ತಿಂಗಳ ಪಗಾರ ಬಾಕಿ ಇಟ್ಟಿದ್ದ
ದೌಲತ್ತಿಗೆ.

ದೀಪಾವಳಿ ಮುಗದ ಮ್ಯಾಲ ಒಂದು ಚೀಲ ತಗದ.
ಥಂಡಿ ದೇಶದ ಬೀಜ.
ಬರ್ಫದ ಕೆಳಗ ನಾಕು ತಿಂಗಳ ಮಲಗಿ
ಮತ್ತ ಹಸರಾಗಿ ಏಳತದಂತ.
ಬರ್ಫ ಅಂದ್ರ ನನಗ ಗೊತ್ತಿದ್ದದ್ದು
ಮೀನ ಮಾರ್ಕೆಟ್ಟಿಂದು ಒಂದ.

ಆತ್ರಿ ಅಂದೆ. ಉಸುಕು, ಗೊಬ್ಬರ ಕೂಡಿಸಿ ಮಡಿ ಹದಾ ಮಾಡಿ
ಉಪ್ಪು ಉದರಿಸಿದಂಗ ಉದರಿಸಿದೆ. ಗುಬ್ಬಿ ಕಾದೆ.
ಎಂಟನೇ ದಿನಕ್ಕ ಎದ್ದು ನಿಂತಿತು,
ಹಸುಗೂಸಿನ ತಲಿಗೂದಲದಂಗ.
ಎಳ್ಳ ಅಮಾಸಿ ಥಂಡ್ಯಾಗ
ಊರ ಹುಲ್ಲೆಲ್ಲಾ ಬೂದು ಬಣ್ಣಕ್ಕ ತಿರುಗಿದಾಗ
ಇದೊಂದ ಕಡುಹಸರು.
ಸಾಹೇಬ ಮುಂಜಾನೆ ಬರಿಗಾಲಿಲೆ
ಇಬ್ಬನಿ ತುಳಕೋತ ಅಡ್ಡಾಡತಿದ್ದ,
ಕಣ್ಣು ಮುಚ್ಚಿ.
ಯಾವ ಊರಾಗ ಅಡ್ಡಾಡತಿದ್ನೋ, ನಾ ಕೇಳಲಿಲ್ಲ.

ಮೂರು ಬೆರಳಕಿಂತ ಗಿಡ್ಡ ಕತ್ತರಿಸಬ್ಯಾಡ, ದೌಲತ್,
ಬೇರಿಗೆ ನೆರಳು ಬೇಕು, ಅಂತಿದ್ದ.
ಬೇರಿಗೆ ನೆರಳು!
ನಮ್ಮಪ್ಪ ಜಲಮಾ ಪೂರ್ತಿ ಬೇರಿಗೆ ಬಿಸಲ ತೋರಿಸಿದಾವ.

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋತು.
ಅದರ ಹಿಂದ ಹುಲ್ಲೂ ಹೊಂಟಿತು.
ಮೊದಲು ತುದಿ. ಆಮ್ಯಾಲ ಗ್ವಾಡಿ ಕಡಿದು.
ನೀರು ಹೆಚ್ಚಾದಲ್ಲೆ ಕೊಳೀತು, ಕಡಿಮಿ ಆದಲ್ಲೆ ಸುಟ್ಟಿತು.
ದಿನಾ ಎರಡು ಹೊತ್ತು ಪೈಪು ಹಿಡಕೊಂಡು ನಿಂತೆ.
ನಮ್ಮ ಓಣ್ಯಾಗ ನಳಾ ಎಂಟು ದಿನಕ್ಕೊಮ್ಮೆ,
ಹುಸೇನಬಿ ರಾತ್ರಿ ಎರಡಕ್ಕ ಎದ್ದು ಕೊಡಾ ಪಾಳಿ ಹಚ್ಚತಿದ್ಲು.
ನನ್ನ ಹಸಿ ಅಂಗಿ ನೋಡಿ ಒಂದಿನ ಅಂದ್ಲು:
ಹಿಂಡಿ ಕೊಡ್ರಿ, ಚಾ ಮಾಡ್ತೇನಿ.

ಏಪ್ರಿಲ್‌ನಾಗ ಸಾಹೇಬಗ ವರ್ಗ ಆತು.
ಜೀಪು ಹತ್ತೂ ಮುಂದ ಬಗ್ಗಿ
ಒಣಗಿದ್ದನ್ನ ಅಂಗೈಲೆ ಸವರಿದ.
ಬೀಜಾ ಚಲೋ ಇತ್ತು, ದೌಲತ್.
ಹೌದ್ರಿ, ಚಲೋ ಇತ್ತು.

ಮಿರಗದ ಮಳಿಗೆ ಹೊಸಾ ಸಾಹೇಬ.
ಫೋನಿನಾಗ ಚಿತ್ರ ತೋರಿಸಿ, ಇಂಥಾ ಲಾನ್ ಬೇಕು ಅಂದ.
ಧಾರವಾಡದ ನರ್ಸರಿಯಿಂದ ಟಂಟಂ ಗಾಡ್ಯಾಗ ಬಂತು,
ಚಾಪಿ ಸುತ್ತಿದಂಗ ಸುತ್ತಿ,
ಫೂಟಿಗೆ ಇಷ್ಟು ಅಂತ ರೊಕ್ಕಾ.
ಚೀಟಿ ಮ್ಯಾಲ ಇಂಗ್ಲೀಷಿನಾಗ ಏನೋ ಉದ್ದನ ಹೆಸರು.
ಬಿಚ್ಚಿದೆ.
ಗೆಣ್ಣು ನೋಡಿದೆ.
ಕರಿಕಿ.

ಹಾಸಿದೆ. ಪಗಾರ ತಗೊಳ್ಳಾವ, ಹಾಸದ ಏನ ಮಾಡ್ಲಿ?
ಅಂಚಿಗೆ ಬಿಡಿ ಬೇರು ಹಚ್ಚೂದಿತ್ತು.
ಕುಕ್ಕರಗಾಲಿಲೆ ಕುಂತು, ಕುರ್ಪಿಲೆ ತೂತು ಮಾಡಿ
ಒಂದೊಂದ ಇಳಿಸಿ, ಹೆಬ್ಬೆರಳಲೆ ಒತ್ತಿ,
ಎಷ್ಟೊತ್ತು ಹಚ್ಚಿದೆನೋ.
ಮಳಿ ಸಣ್ಣಗ ಹಿಡದಿತ್ತು. ಹೊರಳಿ ನೋಡ್ತೇನಿ,
ಗ್ವಾಡಿ ಬುಡಕ ಒಂದು ಸಣ್ಣ ಗುಂಪಿ.
ಮಣ್ಣು ಜಾಡಿಸಿದ ಬೇರು,
ಒಂದರ ಮ್ಯಾಲ ಒಂದು ಒಟ್ಟಿದ್ದು,
ಸುಡಾಕ.

ಅಲ್ಲೆ ನನ್ನ ಬಿಟ್ರ ಯಾರೂ ಇರಲಿಲ್ಲ.

ಎದ್ದು ಹೋಗಿ ಆರಿಸಿ ತಂದೆ.
ಗೆಣ್ಣು ಇನ್ನೂ ಹಸರ ಇದ್ದವು.